ಗಾಳಿವೇಗಮಾಪಕಗಳನ್ನು ಹೋಲಿಸಿ ಪರೀಕ್ಷಿಸುವ ಕ್ರಮ

ಮಳೆಯ ಅಳತೆಯಂತೆ ಗಾಳಿಯ ವೇಗದ ಅಳತೆಯೂ ವ್ಯವಸಾಯಕ್ಕೆ ಅವಶ್ಯಕವಾದುದು. ಒಣಗಾಳಿ ಹೆಚ್ಚಿದಂತೆ ಮಣ್ಣಿನಿಂದಲೂ ಎಲೆಗಳಿಂದಲೂ ನೀರು ಬೇಗನೆ ಆವಿಯಾಗುವುದು. ಇಂಗ್ಲೆಂಡಿನ ಪೆನ್‌ಮನ್ ಎಂಬ ವಿಜ್ಞಾನಿಯು 1948ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ಬಿಸಿಲು, ಶಾಖ, ತೇವಾಂಶಗಳೊಡನೆ ಗಾಳಿಯ ವೇಗವೂ ಸೇರಿರುವುದು. ಪೈರಿಗೆ ಬೇಕಾದ ನೀರನ್ನು ಇಂದು ಗಣಿಸುವ ಕ್ರಮವು ಅದರಿಂದಲೇ ಬೆಳೆದುದು. ಆದಕಾರಣ ಮಾಪಕವು ವೇಗವನ್ನು ಕಡಿಮೆಯಾಗಿ ತೋರಿಸಿದರೆ ನೀರಿನ ಲೆಕ್ಕವೂ ಕಡಿಮೆಯಾಗುವುದು. ಆ ಲೆಕ್ಕವನ್ನು ನಂಬಿ ನೀರು ಕಟ್ಟಿದ ಹತ್ತಿಯೇ ಮುಂತಾದ ಪೈರು ಬಾಡುವುದು. ಗಾಳಿ ಮಂದವಾಗಿದೆಯೆಂದು ಭ್ರಮಿಸಿ ಔಷಧ ಸಿಂಪಡಿಸಿದರೆ ಅದು ನೆರೆಯ ಹೊಲಕ್ಕೆ ಹಾರಿಹೋಗುವುದು.

ತಿರುಗುವ ಬಟ್ಟಲುಗಳ ಮಾಪಕವನ್ನು ಐರ್ಲೆಂಡಿನ ರಾಬಿನ್‌ಸನ್ ಎಂಬ ಖಗೋಳಶಾಸ್ತ್ರಜ್ಞನು 1846ರಲ್ಲಿ ರಚಿಸಿದನು. ಈಗಿನವುಗಳಿಗೆ ಸಾಮಾನ್ಯವಾಗಿ ಮೂರು ಬಟ್ಟಲುಗಳಿರುತ್ತವೆ. ಈ ಯಂತ್ರವು ಒಮ್ಮೆಗೇ ಕೆಡುವುದು ಅಪರೂಪ. ಧೂಳು ಸೇರಿ, ಎಣ್ಣೆ ಒಣಗಿ, ಬೇರಿಂಗು ಸವೆದಂತೆ ಬಟ್ಟಲುಗಳು ಮಂದಗಾಳಿಗೆ ಅಲುಗದೆ ನಿಲ್ಲುವುವು; ಬಿರುಗಾಳಿಗಾದರೋ ಮೊದಲಿನಂತೆಯೇ ತಿರುಗುವುವು. ಹೀಗಾಗಿ ನೋಡುವವರಿಗೆ ದೋಷವು ತೋರುವುದಿಲ್ಲ. ಹೋಲಿಕೆಯೊಂದೇ ಅದನ್ನು ಬಯಲಿಗೆಳೆಯುವುದು.

ಗಾಳಿ ಚೆನ್ನಾಗಿ ಬೀಸುವ ಮುಂಗಾರಿನ ಕಾಲದಲ್ಲಿ, ವರ್ಷಕ್ಕೊಮ್ಮೆಯಾದರೂ, ಅದೇ ಮಾದರಿಯ ಹೊಸ ಮಾಪಕವನ್ನು ಹಳೆಯದರ ಬಳಿ ಕನಿಷ್ಠ ಮೂರು ದಿನ ನಿಲ್ಲಿಸತಕ್ಕದ್ದು. ಎರಡೂ ಒಂದೇ ಎತ್ತರದಲ್ಲಿರಬೇಕು; ಪೈರಿನ ಲೆಕ್ಕಕ್ಕೆ 2 ಮೀಟರು ರೂಢಿಯಾದುದು. ಒಂದು ಮತ್ತೊಂದಕ್ಕೆ ಮರೆಯಾಗಬಾರದು. ಹಳೆಯದರ ಅಂಕಿಯನ್ನು ಹೊಸದರ ಅಂಕಿಯಿಂದ ಭಾಗಿಸಬೇಕು. ಉದಾಹರಣೆಗೆ, ಹಳೆಯದು ಗಂಟೆಗೆ 9 ಕಿಲೋಮೀಟರು, ಹೊಸದು 10 ತೋರಿಸಿದರೆ ಪ್ರಮಾಣವು 0.90. ಮಂದ, ಮಧ್ಯಮ, ಬಿರುಗಾಳಿಗಳಿಗೆ ಇದನ್ನು ಬೇರೆಬೇರೆಯಾಗಿ ಮಾಡತಕ್ಕದ್ದು.

ಮಂದಗಾಳಿಯಲ್ಲಿ ಮಾತ್ರ ಕೊರತೆ ಕಂಡರೆ ಬೇರಿಂಗಿನ ದೋಷವೆಂದು ತಿಳಿಯಬಹುದು. ಎಲ್ಲ ವೇಗಗಳಲ್ಲಿಯೂ ಒಂದೇ ಪ್ರಮಾಣದ ಕೊರತೆಯಿದ್ದರೆ ಬಟ್ಟಲು ನೆಗ್ಗಿದೆಯೇ, ಅಂಕಿಯ ಗುಣಕವು ತಪ್ಪಿದೆಯೇ ಎಂದು ನೋಡಬೇಕು. ಒಂದು ದಿಕ್ಕಿನ ಗಾಳಿಗೆ ಮಾತ್ರ ವ್ಯತ್ಯಾಸವಿದ್ದರೆ ಆ ದಿಕ್ಕಿನ ಕಂಬ, ಮರ ಅಥವಾ ಗೋಡೆಯ ಮರೆಯೇ ಕಾರಣವಾಗಿರಬಹುದು.

ಎರಡನೆಯ ಮಾಪಕವು ದೊರೆಯದಿದ್ದರೆ ನೆರೆಯ ನಿಲ್ದಾಣಗಳನ್ನೇ ಸಾಕ್ಷಿಗೆ ಕರೆಯಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಮಾಸಿಕ ಸರಾಸರಿಗಳು ಕೈಯಲ್ಲಿವೆಯೆಂದು ಭಾವಿಸೋಣ. ಮೂರು ಊರುಗಳ ಗಾಳಿಯು ಸಮವಾಗಿರಬೇಕಾದುದಿಲ್ಲ. ಅವುಗಳೊಳಗಿನ ಪ್ರಮಾಣವು ವರ್ಷದಿಂದ ವರ್ಷಕ್ಕೆ ಅದೇ ತಿಂಗಳಿನಲ್ಲಿ ಹೆಚ್ಚು ಬದಲಾಗದಿದ್ದರೆ ಸಾಕು. ಶಹಾಪುರದ ಅಂಕಿಯು ಉಳಿದೆರಡಕ್ಕೂ ಇಳಿಯುತ್ತ ಬಂದು, ಯಾದಗಿರಿ ಸುರಪುರಗಳ ಪರಸ್ಪರ ಪ್ರಮಾಣವು ಸ್ಥಿರವಾಗಿದ್ದರೆ, ಸಂದೇಹವು ಶಹಾಪುರದ ಮೇಲೆಯೇ ನಿಲ್ಲುವುದು. ಎರಡೇ ನಿಲ್ದಾಣಗಳಿದ್ದರೆ ತಪ್ಪು ಯಾವುದರದೆಂದು ಹೇಳಲಾಗದು. ಮೂರನೆಯದರಿಂದ ತೀರ್ಮಾನವು ಸುಲಭವಾಗುವುದು. ಆದರೂ ಮಾಪಕವನ್ನು ದೂಷಿಸುವ ಮುನ್ನ ಸ್ಥಳಕ್ಕೆ ಹೋಗಿ, ಹತ್ತಿರದಲ್ಲಿ ಗಿಡ ಬೆಳೆದಿದೆಯೇ, ಹೊಸ ಕಟ್ಟಡವೆದ್ದಿದೆಯೇ ಎಂದು ಪರೀಕ್ಷಿಸತಕ್ಕದ್ದು.

ದೋಷವು ಸಿದ್ಧಪಟ್ಟರೆ ಬೇರಿಂಗನ್ನು ಬದಲಾಯಿಸಿ, ಆ ದಿನವನ್ನು ದಾಖಲೆಯಲ್ಲಿ ಬರೆಯಬೇಕು. ಹಳೆಯ ಅಂಕಿಗಳನ್ನು ಅಳಿಸಕೂಡದು. ಕೊರತೆಯು ಯಾವ ತಿಂಗಳಿನಿಂದ ಆರಂಭವಾಯಿತೆಂಬುದನ್ನು ಪಕ್ಕದಲ್ಲಿ ಗುರುತುಮಾಡಿದರೆ, ಮುಂದೆ ಆ ಅಂಕಿಗಳಿಂದ ನೀರಿನ ಲೆಕ್ಕ ಹಾಕುವವರು ಎಚ್ಚರಗೊಳ್ಳುವರು.