ಭೂಮಿ ತಾಣದಲ್ಲಿ ನಿಮ್ಮ ಉತಾರ ಹುಡುಕುವ ದಾರಿ

ಖಾನಾಪುರದ ಹೊಲದ ಉತಾರವನ್ನು, ಅಂದರೆ ಪಹಣಿಯನ್ನು, ಬೆಳಗಾವಿಯಲ್ಲಿದ್ದುಕೊಂಡೇ ಸರ್ಕಾರದ ‘ಭೂಮಿ’ ಅಂತರಜಾಲ ತಾಣದಲ್ಲಿ ನೋಡಬಹುದು. ಇದರ ದಾರಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಕೊನೆಗೆ ಹಿಸ್ಸಾ. ನಡುವೆ ಬರುವ ‘ಸರ್ನೋಕ್’ನಲ್ಲಿ ಸಾಮಾನ್ಯವಾಗಿ ನಕ್ಷತ್ರ ಗುರುತಿರುತ್ತದೆ, ಅದನ್ನು ಆರಿಸಿರಿ. ಜಾಂಬೋಟಿ ಹೋಬಳಿಯ ಊರನ್ನು ಬೀಡಿ ಹೋಬಳಿಯಲ್ಲಿ ಹುಡುಕಿದರೆ ಸಿಗದು. ಆಗ ಒಂದು ಮೆಟ್ಟಿಲು ಹಿಂದೆ ಸರಿದು ಹೋಬಳಿ ಬದಲಿಸಿರಿ.

ಆದರೆ ಪಾಲಾದ ಹೊಲದಲ್ಲಿ ಹಿಸ್ಸಾ ತಪ್ಪಿದರೆ ತಾಣವು ತಡೆಯುವುದಿಲ್ಲ, ಅಣ್ಣತಮ್ಮಂದಿರ ಉತಾರವನ್ನೇ ತೋರಿಸೀತು! ಆದ್ದರಿಂದ 9ನೇ ಕಲಮಿನಲ್ಲಿ ಹೆಸರು, ವಿಸ್ತೀರ್ಣ ತಾಳೆ ನೋಡಿ, 11ನೇ ಕಲಮಿನಲ್ಲಿ ಸಾಲದ ಬೋಜಾ ಓದಿರಿ. ತೆರೆಯ ಮೇಲೆ ಕಂಡದ್ದು ತಿಳಿವಳಿಕೆಗೆ ಮಾತ್ರ. ಬ್ಯಾಂಕಿಗೆ ಕೊಡಲು ನಾಡಕಚೇರಿಯಿಂದ ಅಧಿಕೃತ ಪ್ರತಿ ಪಡೆಯಿರಿ.