ಗ್ರಂಥಾಲಯ ಡಿಜಿಟಲೀಕರಣ: ಕೋಲಾರದ ಶಾಸನ ಸಂಪುಟದ ನಿದರ್ಶನ

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 10ನೇ ಸಂಪುಟ (1905) ಕೋಲಾರ ಜಿಲ್ಲೆಯ ಶಾಸನಗಳದ್ದು. ಇಂದಿನ ಬಂಗಾರಪೇಟೆ, ಕೆಜಿಎಫ್ ಸುತ್ತಲಿನ ಬೇತಮಂಗಲದಂಥ ಊರುಗಳ ಶಾಸನಗಳೂ ಅದರಲ್ಲಿವೆ. ರೈಸ್ ತೀರಿಕೊಂಡದ್ದು 1927ರಲ್ಲಿ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣದ ನಂತರ 60 ವರ್ಷ ಮಾತ್ರ; ಹಾಗಾಗಿ ಈ ಸಂಪುಟದ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಆದರೆ ‘ಬಂಗಾರಪೇಟೆ’ ಎಂದು ಹುಡುಕಿದರೆ ಸಿಗುವುದು ಕಷ್ಟ. ಆಗ ಅದು ಮೈಸೂರಿನ ಕಮಿಷನರ್ ಎಲ್.ಬಿ. ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ. ಮೆಟಾಡೇಟಾದಲ್ಲಿ (ಕಡತದ ವಿವರಪಟ್ಟಿ) ಹಳೆಯ, ಹೊಸ ಹೆಸರುಗಳೆರಡೂ ಇರಬೇಕು. ಇಲ್ಲವಾದರೆ ಪುಸ್ತಕ ಇದ್ದೂ ಇಲ್ಲದಂತೆ.

ಸ್ಕ್ಯಾನ್ ಮಾಡಿದೊಡನೆ ಸಂರಕ್ಷಣೆ ಆಯಿತು ಎನ್ನುವುದು ತಪ್ಪು. ಸ್ಕ್ಯಾನಿನ ಮೂಲಪ್ರತಿ ಸಾಮಾನ್ಯವಾಗಿ ಟಿಫ್ ಚಿತ್ರರೂಪದಲ್ಲಿ, ಓದುಗರ ಪ್ರತಿ ಪಿಡಿಎಫ್‌ನಲ್ಲಿ. ಬೇರೆ ಬೇರೆ ಊರುಗಳಲ್ಲಿ ಪ್ರತಿಗಳಿರಬೇಕು, ಕಡತ ಕೆಟ್ಟಿದೆಯೇ ಎಂದು ಅದರ ಅಂಕಿಗುರುತಾದ ಚೆಕ್‌ಸಮ್‌ನಿಂದ ಆಗಾಗ ಪರಿಶೀಲಿಸಬೇಕು, ಹಳತಾದ ಫಾರ್ಮ್ಯಾಟ್ ಬದಲಿಸಬೇಕು.

ಇಂಥ ಸಂರಕ್ಷಣೆಯ ಮಾನದಂಡಗಳಲ್ಲಿ ಗೊಂದಲ ಸಹಜ: ಐಎಸ್‌ಒ 14721 ಡಿಜಿಟಲ್ ಭಂಡಾರದ ಮಾದರಿ (ಒಎಐಎಸ್), ಐಎಸ್‌ಒ 19005 ದೀರ್ಘಕಾಲ ಉಳಿಸುವ ಪಿಡಿಎಫ್/ಎ.