ಹಳೆ ಕಂಪ್ಯೂಟರ್ ಕೊಡುವ ಮುನ್ನ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಕಾರಣಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಹಳೆ ಕಂಪ್ಯೂಟರ್ ಬದಲಿಸುವವರು ಮೊದಲು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಅರ್ಜಿ, ಲಗ್ನಪತ್ರಿಕೆ, ಅಜ್ಜಿ ಹೇಳಿದ ಹಾಡುಗಳನ್ನು ಹುಡುಕಿಕೊಳ್ಳಿ. ಮೊಬೈಲಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ ಕಂಡೀತು. ಗಾಬರಿ ಬೇಡ, ಫೈಲು ಕೆಟ್ಟಿಲ್ಲ. ಹಳೆ ಫಾಂಟು ಇಂಗ್ಲಿಷ್ ಅಕ್ಷರದ ಸಂಖ್ಯೆಗೇ ಕನ್ನಡದ ಆಕಾರ ತೊಡಿಸಿತ್ತು. ಈಗಿನ ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳಿವೆ.

ಮೂಲದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ. ಆಮೇಲೆ ಸಾಲುಸಾಲು ಓದಿ, ಅದರಲ್ಲೂ ‘ಸೂರ್ಯ’, ‘ಕಾರ್ಯ’ದಂಥ ಅರ್ಕಾವೊತ್ತಿನ ಕಡೆ ಗಮನವಿಡಿ. ಹೊಸದನ್ನು ಯೂನಿಕೋಡಿನಲ್ಲೇ ಬರೆಯಿರಿ. ನುಡಿಯಲ್ಲಿದ್ದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನೇ ಆರಿಸಿಕೊಂಡರೆ ಬೆರಳು ಹೊಸದಾಗಿ ಕಲಿಯಬೇಕಿಲ್ಲ.